ಅಪ್ಪನ ಬಲಗೈ, ಅಪ್ಪನ ಮಾತು: ಮನೆಯವರು ಮಾಡಿಸುವ ವ್ಯಾಯಾಮದಿಂದ ಪ್ರಯೋಜನವಿಲ್ಲ ಅಂತ ಸಂಶೋಧನೆ ಹೇಳುತ್ತದಂತೆ, ನಿಜವಾ?

ತೋಟದಮನೆ

ಅಪ್ಪನಿಗೆ 66. ಯುಗಾದಿ ಕಳೆದ ಮರುವಾರ ಬೆಳಗ್ಗೆ ಹಲ್ಲುಜ್ಜಲು ಹೋದವರು ಬಚ್ಚಲುಮನೆಯಲ್ಲೇ ಕುಸಿದರು. ನಮ್ಮದು ತೀರ್ಥಹಳ್ಳಿಯಿಂದ ಒಳಗೆ, ರಸ್ತೆಯೂ ಅಷ್ಟಕ್ಕಷ್ಟೆ. ಸ್ಕ್ಯಾನ್ ಆಗುವಷ್ಟರಲ್ಲಿ ಆರು ತಾಸು ದಾಟಿತ್ತು. ಪಾರ್ಶ್ವವಾಯು (ಲಕ್ವ), ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು.

ಈಗ ನಾಲ್ಕೂವರೆ ತಿಂಗಳು. ಕಾಲು ಪರವಾಗಿಲ್ಲ, ಕೋಲು ಹಿಡಿದು ಅಂಗಳ ದಾಟುತ್ತಾರೆ. ಬಲಗೈ ಎದೆಮಟ್ಟಕ್ಕೆ ಎತ್ತುತ್ತಾರೆ, ಬೆರಳು ಒಂಚೂರು ಬಿಚ್ಚುತ್ತವೆ. ಆದರೆ ಕೈಯೊಳಗೆ ಏನಿದೆ ಅನ್ನೋದೇ ಅವರಿಗೆ ಗೊತ್ತಾಗಲ್ಲ. ಹೋದ ವಾರ ಬಿಸಿನೀರಿನ ಹಂಡೆಗೆ ಕೈ ತಾಗಿ ಬೊಬ್ಬೆ ಎದ್ದಿತ್ತು. ನೋಡಿದ್ದು ಅಮ್ಮ, ಅಪ್ಪನಿಗೆ ಗೊತ್ತೇ ಇರಲಿಲ್ಲ. ನಾವು ಹೇಳಿದ್ದು ಹೆಚ್ಚುಕಮ್ಮಿ ಅರ್ಥವಾಗುತ್ತೆ, ಬಾಯಿಗೆ ಬರೋದು ಮಾತ್ರ "ಅದು... ಅದು..." ಅಷ್ಟೆ.

ಫಿಜಿಯೋ ವಾರಕ್ಕೊಂದು ಸಲ ಬರುತ್ತಾರೆ. ಉಳಿದ ಆರು ದಿನ ನಾನು ಮತ್ತು ಅಮ್ಮ. ಮೊನ್ನೆ ಬೆಂಗಳೂರಿನ ಚಿಕ್ಕಪ್ಪನ ಮಗ ಒಂದು ಸುದ್ದಿ ಕಳಿಸಿದ: ಭಾರತದಲ್ಲೇ ದೊಡ್ಡ ಅಧ್ಯಯನ ಆಗಿದೆ, ಮನೆಯವರು ಮಾಡಿಸುವ ಪುನಶ್ಚೇತನದಿಂದ ಏನೂ ಲಾಭವಿಲ್ಲ ಅಂತ ಸಾಬೀತಾಗಿದೆ, ಅದರ ಬದಲು ಸ್ಟೆಮ್ ಸೆಲ್ (ಹೊಸ ಕೋಶ ಹುಟ್ಟಿಸಬಲ್ಲ ಮೂಲಕೋಶ) ಚಿಕಿತ್ಸೆ ಮಾಡಿಸಿ ಅಂತ. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ, "ಆರು ತಿಂಗಳೊಳಗೆ ಬಂದಿದ್ದೇ ಬಂತು". ಇನ್ನು ಆರೇ ವಾರ ಉಳಿದಿದೆ ಅಂತ ರಾತ್ರಿ ನಿದ್ದೆ ಬರ್ತಿಲ್ಲ. ಓದಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಅಂಕಿಸಂಗ

ನಿಮ್ಮ ಚಿಕ್ಕಪ್ಪನ ಮಗ ಹೇಳುತ್ತಿರುವುದು 'ಅಟೆಂಡ್' ಅಧ್ಯಯನ. 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಲುಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಜಯರಾಜ್ ಪಾಂಡಿಯನ್ ಅವರೂ ಆಸ್ಟ್ರೇಲಿಯದ ಸಂಶೋಧಕರೂ ಸೇರಿ ನಡೆಸಿದ್ದು. ದೇಶದ 14 ಆಸ್ಪತ್ರೆ, 1250 ರೋಗಿಗಳು. ಚೀಟಿ ಎತ್ತಿದ ಹಾಗೆ ಎರಡು ಗುಂಪು. ಒಂದು ಗುಂಪಿನ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಟ್ಟು, ಮನೆಯಲ್ಲೂ ಎರಡು ತಿಂಗಳವರೆಗೆ ಮುಂದುವರಿಸಿದರು. ಇನ್ನೊಂದು ಗುಂಪಿಗೆ ಆಯಾ ಆಸ್ಪತ್ರೆಯ ಎಂದಿನ ಆರೈಕೆ. ಆರು ತಿಂಗಳಿಗೆ ಎಣಿಸಿದಾಗ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಅಲ್ಲೂ 47%, ಇಲ್ಲೂ 47%. ಚೂರೂ ವ್ಯತ್ಯಾಸವಿಲ್ಲ.

ಇಷ್ಟು ನಿಜ. ಇದರ ಅರ್ಥ "ಮನೆಯಲ್ಲಿ ಕೈ ಆಡಿಸಿದರೆ ಪ್ರಯೋಜನವಿಲ್ಲ" ಅಂತ ಅಲ್ಲ. ಹೋಲಿಸಿದ್ದು ಸುಮ್ಮನೆ ಮಲಗಿದವರ ಜೊತೆಗಲ್ಲ, ಎಂದಿನ ಆರೈಕೆ ಪಡೆದವರ ಜೊತೆ. ಅವರ ಮನೆಯವರೇನು ಕೈಕಟ್ಟಿ ಕೂತಿದ್ದರಾ? ನಮ್ಮ ದೇಶದಲ್ಲಿ ಕೂರುತ್ತಾರಾ? ಇನ್ನೊಂದು, ಅಳೆದ ಕೋಲು ದಪ್ಪದ್ದು. ಸತ್ತರಾ, ಬದುಕಿದರಾ, ತಮ್ಮ ಕೆಲಸ ತಾವು ಮಾಡಿಕೊಳ್ಳುತ್ತಾರಾ ಅನ್ನುವ ಅಳತೆ. ನಿಮ್ಮ ಅಪ್ಪ ನಾಳೆ ಬಲಗೈಯಲ್ಲಿ ಲೋಟ ಹಿಡಿದರೂ ಆ ಕೋಲಿನಲ್ಲಿ ಒಂದು ಗೆರೆಯೂ ಮೇಲೇರದೆ ಇರಬಹುದು.

ನೇರಮಾತು

ಅಂಕಿಸಂಗ, ಸಮಾಧಾನ ಹೇಳೋದು ಬೇರೆ, ಫಲಿತಾಂಶ ಬಗ್ಗಿಸೋದು ಬೇರೆ. ಒಳ್ಳೆಯ ಅಧ್ಯಯನ ಸೊನ್ನೆ ಅಂತ ಹೇಳಿದಾಗ "ಅಳತೆಗೋಲು ದಪ್ಪ, ಹೋಲಿಕೆ ಸರಿಯಿಲ್ಲ" ಅಂತ ಶುರುಮಾಡಿದರೆ ಯಾವ ಚಿಕಿತ್ಸೆಯನ್ನೂ ಸೋಲಿಸೋಕೆ ಆಗಲ್ಲ.

ಈ ಕ್ಷೇತ್ರದಲ್ಲಿ ದೊಡ್ಡ ಅಧ್ಯಯನಗಳು ಒಂದಾದ ಮೇಲೊಂದು ಸೊನ್ನೆ ಕೊಟ್ಟಿವೆ. 2015ರ 'ಅವರ್ಟ್', 2104 ರೋಗಿಗಳು: ಪಾರ್ಶ್ವವಾಯು ಆದ 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೆಚ್ಚು ಓಡಾಡಿಸಿದರು. ಮೂರು ತಿಂಗಳಿಗೆ ಚೆನ್ನಾಗಿದ್ದವರು 46%. ಎಂದಿನ ಹಾಗೆ ನಿಧಾನಕ್ಕೆ ಎಬ್ಬಿಸಿದವರಲ್ಲಿ 50%. ಅಂದರೆ ಅತಿ ಮಾಡಿದ್ದು ಕೆಡಿಸಿತು! 2019ರಲ್ಲಿ ಬ್ರಿಟನ್ನಿನಲ್ಲಿ 770 ಜನರ ಮೇಲೆ ರೋಬೋಟ್ ಚಿಕಿತ್ಸೆ, ಕೈ ಬಳಕೆಯಲ್ಲಿ ಎಂದಿನ ಆರೈಕೆಗಿಂತ ಹೆಚ್ಚೇನೂ ಇಲ್ಲ. ಅದೇ ವರ್ಷ ಅಲ್ಲೇ 3127 ಜನಕ್ಕೆ ಆರು ತಿಂಗಳು ಖಿನ್ನತೆಗೆ ಕೊಡೋ ಫ್ಲುಆಕ್ಸೆಟಿನ್ ಮಾತ್ರೆ, ಖಿನ್ನತೆ ಕಮ್ಮಿಯಾಯ್ತು, ಕೈಕಾಲಿನ ಚೇತರಿಕೆ ಹೆಚ್ಚಲಿಲ್ಲ, ಮೂಳೆ ಮುರಿದುಕೊಂಡವರು ಜಾಸ್ತಿಯಾದರು.

ನನ್ನ ತಾಯಿಗಾಗಿ ನಲವತ್ತು ಸಾವಿರ ಕೊಟ್ಟು ಬೆರಳು ಬಿಚ್ಚಿಸೋ ಯಂತ್ರದ ಗ್ಲೌಸ್ ತಂದಿದ್ದೆ. ಈಗ ಅಟ್ಟದ ಮೇಲಿದೆ. ಸಿಟ್ಟಿನಲ್ಲಿ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ ತೋಟದಮನೆ.

ಫಿಜಿಯೋ_ಧಾರವಾಡ

ನೇರಮಾತು ಅವರ ಸಿಟ್ಟು ಖರೇನ ಐತಿ. ಆದ್ರ ಸೊನ್ನಿ ಬಂದದ್ದು ಯಾಕ ಅಂತ ಕೇಳೂದೂ ಸಂಶೋಧನೇನ, ಅದು ನೆಪ ಅಲ್ರಿ.

2009ರಾಗ ಅಮೆರಿಕದಾಗ ಒಂದಿಷ್ಟು ಮಂದಿ ಒಂದು ಸಾದಾ ಕೆಲಸಾ ಮಾಡಿದ್ರು. 312 ಥೆರಪಿ ಸೆಷನ್‌ದಾಗ ಕುಂತು ಬರೇ ಎಣಿಸಿದ್ರು. ಕೈ ಥೆರಪಿ ಅಂತ ನಡದಾಗ ರೋಗಿ ಉಪಯೋಗದ ಚಲನೆ ಎಷ್ಟು ಸಲ ಮಾಡ್ತಾನ? ಸರಾಸರಿ 32. ಮೂವತ್ತೆರಡs ಸಲ! ಪ್ರಾಣಿಗಳ ಮ್ಯಾಲಿನ ಪ್ರಯೋಗದಾಗ ಮಿದುಳಿನ ನಕ್ಷೆ ಬದಲಾಗಿದ್ದು ದಿನಕ್ಕ ನೂರಾರು ಸಲ ಮಾಡಿಸಿದಾಗ. ನಾವು ಆಸ್ಪತ್ರ್ಯಾಗ ಮುಕ್ಕಾಲು ತಾಸು ಹಿಡದು, ಅದರಾಗ ಅರ್ಧಾ ಟೈಮ್ ಕೀಲು ಸಡಿಲ ಮಾಡೂದು, ಮಾತಾಡೂದು, ಮುಂದಿನ ಪೇಷಂಟ್ ಬಂದ. ನಾನೂ ಅದನ್ನ ಮಾಡೇನಿ, ಬಚ್ಚಿಡೂದಿಲ್ಲ. ಆ ಪೇಪರ್ ಓದಿದ ದಿನ ನನ್ನ ರೋಗಿಗಳದ್ದೂ ಎಣಿಸಿದೆ. 32ಕ್ಕಿಂತ ಕಡಿಮಿ ಇತ್ತು.

ತೋಟದಮನೆ ಅವ್ರ, ನೀವು ಅಪ್ಪಗ ದಿನಾ ಏನು ಮಾಡಸ್ತೀರಿ? ಕೈ ನೀವು ಹಿಡದು ಎತ್ತಿ ಇಳಸ್ತೀರೋ, ಅವರs ಎತ್ತತಾರೋ?

ತೋಟದಮನೆ

ನಾವೇ ಹಿಡಿದು ಎತ್ತಿ ಇಳಿಸುತ್ತೇವೆ. ಬೆಳಗ್ಗೆ 20, ಸಂಜೆ 20. ಆಮೇಲೆ ಎಣ್ಣೆ ತಿಕ್ಕುತ್ತೇವೆ.

ಫಿಜಿಯೋ_ಧಾರವಾಡ

ಹಂಗಾರ ವ್ಯಾಯಾಮ ಆಗಾಕತ್ತಿದ್ದು ನಿಮಗ, ಅಪ್ಪಗಲ್ಲ. ಕೀಲು ಬಿಗೀಬಾರದು ಅಂತ ನಾವು ಎತ್ತೂದು ಬೇಕ, ಆದ್ರ ಮಿದುಳು ಕಲಿಯೂದು ರೋಗಿ ತಾನ ಪ್ರಯತ್ನ ಮಾಡಿದಾಗ. ಅರ್ಧಾ ಆಗ್ಲಿ, ಕಾಲು ಆಗ್ಲಿ. ಮತ್ತ ಒಂದು ಮಾತು: ಕೈ ಹಿಡದು ಜಗ್ಗಿ ಎಬ್ಬಿಸಬ್ಯಾಡ್ರಿ, ರಟ್ಟಿ ಹಿಡದೂ ಬ್ಯಾಡ. ಲಕ್ವಾ ಆದ ಭುಜದ ಕೀಲು ಸಡಿಲ ಇರ್ತದ, ಒಮ್ಮೆ ನೋವು ಹತ್ತಿತಂದ್ರ ತಿಂಗಳಗಟ್ಟಲೆ ಕೈ ಮುಟ್ಟಗೊಡೂದಿಲ್ಲ.

ದಾರಿಹೋಕ99

ಲಕ್ವಕ್ಕೆ ಔಷಧಿ ಕೊಡೋ ಊರೊಂದು ಗೊತ್ತು, ಪಾರಿವಾಳದ ರಕ್ತ ಹಚ್ತಾರೆ. ನಂಬರ್ ಬೇಕಾ?

ನೇರಮಾತು

ಪಾರಿವಾಳಕ್ಕೆ ಲಕ್ವ ಹೊಡೆದರೆ ಯಾರ ರಕ್ತ ಹಚ್ತಾರಂತೆ, ಅದನ್ನ ಮೊದಲು ಕೇಳಿ.

ಕಡಲತಡಿ

ಮನೆಯವರೇ ಮಾಡಿಸಿದ್ದು ಅಂದಾಗ ನನಗೆ ನೆನಪಾಗುವುದು ಬಾಕ್-ಇ-ರಿಟಾ ಕುಟುಂಬ. ಪೆಡ್ರೊ ಅಂತ ನ್ಯೂಯಾರ್ಕಿನಲ್ಲಿ ಕಾಲೇಜು ಮೇಷ್ಟ್ರು, ಕವಿ. 1959ರಲ್ಲಿ ಪಾರ್ಶ್ವವಾಯು ಬಡಿದು ಅರ್ಧ ದೇಹವೂ ಮಾತೂ ಹೋಯಿತು. ಒಂದಿಷ್ಟು ದಿನ ಚಿಕಿತ್ಸೆ ಕೊಟ್ಟು, ಇನ್ನು ಇಷ್ಟೇ ಅಂತ ಕಳಿಸಿದರು. ಕಿರಿಯ ಮಗ ಜಾರ್ಜ್ ಆಗಿನ್ನೂ ವೈದ್ಯಕೀಯ ವಿದ್ಯಾರ್ಥಿ, ಪುನಶ್ಚೇತನದ ಶಾಸ್ತ್ರ ಗೊತ್ತಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯ್ತೋ ಏನೋ. ಅಪ್ಪನನ್ನು ಮಗುವಿನ ಹಾಗೆ ಮೊದಲು ಅಂಬೆಗಾಲಿಡಿಸಿದ, ನೆಲದ ಮೇಲೆ ಗೋಲಿ ಆಡಿಸಿದ, ಪಾತ್ರೆ ತೊಳೆಸಿದ. ನೆರೆಹೊರೆಯವರು ಮುದುಕರನ್ನು ನಾಯಿಯ ಹಾಗೆ ಹರಿದಾಡಿಸುತ್ತಾನೆ ಅಂತ ಬೈದರಂತೆ. ಕೊನೆಗೆ ಅವರು ಮತ್ತೆ ಪಾಠ ಹೇಳಲು ಹೋದರು. ಕೆಲವು ವರ್ಷಗಳ ನಂತರ ಬೆಟ್ಟ ಹತ್ತುವಾಗ ಹೃದಯ ನಿಂತು ತೀರಿಕೊಂಡರು. ಮಿದುಳು ತೆರೆದು ನೋಡಿದರೆ ಗಾಯ ವಾಸಿಯಾಗಿರಲೇ ಇಲ್ಲ, ಚಲನೆಯ ನರತಂತುಗಳಲ್ಲಿ ಬಹುಪಾಲು ಸತ್ತೇ ಇದ್ದವು! ಉಳಿದಷ್ಟರಲ್ಲೇ ಮಿದುಳು ಸಂಸಾರ ಹೂಡಿತ್ತು.

ಹಿರಿಯ ಮಗ ಪಾಲ್ ಅಷ್ಟರಲ್ಲಾಗಲೇ ವಿಜ್ಞಾನಿ. 1969ರಲ್ಲಿ ಹುಟ್ಟುಗುರುಡರನ್ನು ಹಳೆಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ 400 ಕಂಪಕಗಳನ್ನಿಟ್ಟು, ಕ್ಯಾಮೆರಾ ಕಂಡದ್ದನ್ನು ಚರ್ಮದ ಮೇಲೆ ಬರೆದು ತೋರಿಸಿದವರು ಅವರೇ. ಅಭ್ಯಾಸವಾದ ಮೇಲೆ ಆ ಕುರುಡರು ಎದುರಿನ ವಸ್ತುಗಳನ್ನು ಗುರುತಿಸುತ್ತಿದ್ದರು. ಕ್ಯಾಮೆರಾವನ್ನು ತಾವೇ ತಿರುಗಿಸುವಾಗ ಮಾತ್ರ ಅದು ಕಲಿಕೆಗೆ ಬಂತು ಅನ್ನುವುದು ಮುಖ್ಯ. ಫಿಜಿಯೋ ಹೇಳಿದ್ದೂ ಅದನ್ನೇ ಅಲ್ವಾ?

ಅಂಕಿಸಂಗ

ಚೆಂದದ ಕಥೆ. ಒಬ್ಬರದ್ದು. ಅಂಬೆಗಾಲಿಟ್ಟೂ ಚೇತರಿಸಿಕೊಳ್ಳದ ಮುದುಕರ ಕಥೆ ಯಾರೂ ಬರೆದಿಡುವುದಿಲ್ಲ.

ತೋಟದಮನೆ

ಕಡಲತಡಿಯವರ ಕಥೆಯನ್ನು ಅಮ್ಮನಿಗೆ ಓದಿ ಹೇಳಿದೆ. "ಗೋಲಿ ಎಲ್ಲಿ ತರೋದು, ಅಡಿಕೆ ಇದೆಯಲ್ಲ" ಅಂದರು.

ಇನ್ನೊಂದು ಕೇಳಬೇಕಿತ್ತು. ಒಳ್ಳೆ ಕೈ ಕಟ್ಟಿಹಾಕಿದರೆ ಸೋತ ಕೈ ಕೆಲಸ ಮಾಡಲು ಕಲಿಯುತ್ತೆ ಅಂತ ಒಂದು ವಿಡಿಯೋ ನೋಡಿದೆ. ಅಪ್ಪನ ಎಡಗೈ ಕಟ್ಟೋಣವಾ?

ಫಿಜಿಯೋ_ಧಾರವಾಡ

ತಡೀರಿ, ತಡೀರಿ. ಅಪ್ಪ ಕೋಲು ಹಿಡಿಯೂದು ಯಾವ ಕೈಲೆ? ಎಡಗೈಲೆ. ಅದನ್ನ ಕಟ್ಟಿದ್ರ ಬಿದ್ದು ಸೊಂಟಾ ಮುರೀತಾರ.

ಆ ಚಿಕಿತ್ಸಾ ಸುಳ್ಳಲ್ಲ. ಎಡ್ವರ್ಡ್ ಟಾಬ್ ಅಂತ ಮನಶ್ಶಾಸ್ತ್ರಜ್ಞ ಕಂಡಕೊಂಡದ್ದು. ರೋಗಿ ಮೊದಮೊದಲು ಪ್ರಯತ್ನ ಮಾಡ್ತಾನ, ಆಗೂದಿಲ್ಲ, ಬಿಟ್ಟುಬಿಡ್ತಾನ. ಮುಂದ ನರ ಸ್ವಲ್ಪ ಸುಧಾರಿಸಿದ್ರೂ ಬಿಟ್ಟ ಚಟ ಹಂಗs ಉಳೀತದ. ಕೈ ಸತ್ತಿರೂದಿಲ್ಲ, ಮರತುಬಿಟ್ಟಿರ್ತಾನ. 2006ರಾಗ 'ಎಕ್ಸೈಟ್' ಅಂತ 222 ಮಂದಿ ಮ್ಯಾಲೆ ನೋಡಿದ್ರು, ಲಕ್ವಾ ಆಗಿ ಮೂರರಿಂದ ಒಂಬತ್ತು ತಿಂಗಳಾದವರು. ಎರಡು ವಾರ ಛಲೋ ಕೈಗೆ ದಪ್ಪ ಗ್ಲೌಸ್, ಸೋತ ಕೈಗೆ ದಿನಾ ತಾಸುಗಟ್ಟಲೆ ಕೆಲಸ. ಫರಕ್ ಬಂತು, ಒಂದು ವರ್ಷದ ಮ್ಯಾಲೂ ಉಳೀತು. ಆದ್ರ ಮಣಿಕಟ್ಟು ಒಂದಿಷ್ಟು ಮ್ಯಾಲೆತ್ತಿ ಬೆರಳು ಬಿಚ್ಚೂವಷ್ಟು ಚಲನೆ ಇದ್ದವರನ್ನs ಆರಿಸಿಕೊಂಡಿದ್ರು. ಪೂರಾ ಬಿದ್ದ ಕೈಗೆ ಇದು ಬರೇ ಹಿಂಸಾ.

ಅಪ್ಪಗ ಬೆರಳು ಬಿಚ್ಚತಾವ ಅಂದ್ರಿ. ಹಂಗಾರ ಕುರ್ಚಿ ಮ್ಯಾಲೆ ಕುಂತಾಗಷ್ಟ, ತಾಸೊಪ್ಪತ್ತು, ಎಡಗೈಗೆ ಮಸಿಬಟ್ಟಿ ಸುತ್ತಿ ನೋಡ್ರಿ. ಏಳೂ ಮುಂದ ತಪ್ಪದ ಬಿಚ್ರಿ. ಮೊದಲ ನಿಮ್ಮ ಫಿಜಿಯೋಗ ಕೇಳ್ರಿ, ನಾನು ಅಪ್ಪನ್ನ ನೋಡಿಲ್ಲ.

ನೇರಮಾತು

ಟಾಬ್ ಆ ವಿದ್ಯೆ ಕಲಿತಿದ್ದು ಕೋತಿಗಳ ಕೈಯ ನರ ಕತ್ತರಿಸಿ ಅನ್ನೋದನ್ನೂ ಸೇರಿಸಿ. 1981ರಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಪೊಲೀಸರು ಪ್ರಯೋಗಾಲಯಕ್ಕೆ ನುಗ್ಗಿ 17 ಕೋತಿಗಳನ್ನು ಎತ್ತಿಕೊಂಡು ಹೋದರು, ಕೇಸಾಯ್ತು. ಮೇಲಿನ ಕೋರ್ಟಿನಲ್ಲಿ ಬಿಡುಗಡೆಯಾಯ್ತು, ಅದು ಬೇರೆ ಮಾತು. ನಮ್ಮಮ್ಮನಿಗೂ ಈ ಚಿಕಿತ್ಸೆ ಮಾಡಿಸಿದ್ದೆ, ಸ್ವಲ್ಪ ಉಪಯೋಗ ಆಯ್ತು. ಹೇಗೆ ಬಂತು ಅಂತ ಗೊತ್ತಾದ ಮೇಲೆ ಮನಸ್ಸಿಗೆ ಒಂಥರಾ.

ಎಡಗೈಬರಹ

ನಾನೂ ಪಾರ್ಶ್ವವಾಯು ಆದವನು. 6 ವರ್ಷ ಆಯ್ತು. ಎಡಗೈಯಲ್ಲಿ ಟೈಪ್. ತಪ್ಪಿದ್ದರೆ ಕ್ಷಮಿಸಿ.

ಒಂದೇ ಮಾತು. ಅಪ್ಪನ ಎದುರು ಅಪ್ಪನ ಬಗ್ಗೆ "ಇವರಿಗೆ ಗೊತ್ತಾಗಲ್ಲ" ಅನ್ನಬೇಡಿ. ಗೊತ್ತಾಗುತ್ತೆ. ಮಗುವಿನ ಹತ್ತಿರ ಮಾತಾಡೋ ರಾಗ ಬೇಡ. ಟೀವಿ ಆರಿಸಿ. ಕಾಯಿರಿ. ನನಗೆ ಒಂದು ಪದ ಹುಡುಕೋಕೆ ಅರ್ಧ ನಿಮಿಷ. ಅಷ್ಟರಲ್ಲಿ ಹೆಂಡತಿ ಹೇಳಿಬಿಡ್ತಿದ್ದಳು. ಪ್ರೀತಿಯಿಂದಲೇ. ಆದರೂ.

ಸುಸ್ತು ಆಗುತ್ತೆ. ಸೋಮಾರಿತನ ಅಲ್ಲ.

ಮಾತುಮನೆ

ಎಡಗೈಬರಹ ಅವರು ಹೇಳಿದ್ದನ್ನು ನಮ್ಮ ತರಗತಿಯ ಗೋಡೆಗೆ ಅಂಟಿಸಬೇಕು. ನಾನು ಮೈಸೂರಿನಲ್ಲಿ ಓದಿದ ವಾಕ್ ಚಿಕಿತ್ಸಕಿ.

ತೋಟದಮನೆ, ನೀವು ಬರೆದದ್ದು ನೋಡಿದರೆ ಅಪ್ಪನಿಗಿರುವುದು ಅಫೇಸಿಯಾ (ಮಿದುಳಿನ ಪೆಟ್ಟಿನಿಂದ ಭಾಷೆ ಕೈಕೊಡುವುದು), ಅದರಲ್ಲೂ ತಡವರಿಸುವ ಬಗೆ ಅನಿಸುತ್ತೆ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾರೆ. ನಾಲಗೆಗೆ ಶಕ್ತಿಯಿಲ್ಲದ್ದಲ್ಲ, ಪದಕ್ಕೂ ಬಾಯಿಗೂ ನಡುವಿನ ದಾರಿ ಕೆಟ್ಟಿದೆ. ಆದ್ದರಿಂದ ನಾಲಗೆಗೆ ಜೇನು ಸವರುವುದು, ಬಜೆ ತೇಯುವುದು ಇದಕ್ಕಲ್ಲ. ಅವರಿಗೆ ಮಗ್ಗಿ ಹೇಳಲು ಬರುತ್ತದಾ ನೋಡಿ, ಒಂದೊಂದ್ಲ ಒಂದು ಅಂತ ನೀವು ಶುರುಮಾಡಿ. ದೇವರನಾಮ? ವಾರದ ಹೆಸರು? ಬಾಯಿಪಾಠವಾದದ್ದು ಎಷ್ಟೋ ಜನರಲ್ಲಿ ಉಳಿದಿರುತ್ತದೆ. ರಾಗವನ್ನೇ ಏಣಿ ಮಾಡಿಕೊಂಡು ಮಾತಿಗೆ ಇಳಿಸುವ ಚಿಕಿತ್ಸೆಯೊಂದು 1970ರ ದಶಕದಿಂದ ಇದೆ. ಹಾಡು ಬಂದ ಮಾತ್ರಕ್ಕೆ ಮಾತು ಬರುತ್ತದೆ ಅಂತಲ್ಲ, ಅಲ್ಲಿ ಅನೇಕರು ಮೋಸ ಹೋಗುತ್ತಾರೆ. ಅಪ್ಪ ಇಡೀ ದೇವರನಾಮ ಹಾಡಿ ನೀರು ಕೇಳಲಾಗದೆ ಕೂರಬಹುದು.

ಆರು ತಿಂಗಳ ಗಡುವಿನ ಬಗ್ಗೆ: 2017ರಲ್ಲಿ ಜರ್ಮನಿಯಲ್ಲಿ 156 ಜನರ ಅಧ್ಯಯನವಾಯ್ತು. ಎಲ್ಲರಿಗೂ ಅಫೇಸಿಯಾ ಬಂದು ಆರು ತಿಂಗಳು ಕಳೆದಿತ್ತು, ಕೆಲವರಿಗೆ ವರ್ಷಗಳೇ. ಮೂರು ವಾರ, ವಾರಕ್ಕೆ ಕನಿಷ್ಠ ಹತ್ತು ಗಂಟೆ ಚಿಕಿತ್ಸೆ. ದಿನನಿತ್ಯದ ಮಾತು ಸುಧಾರಿಸಿತು, ಚಿಕಿತ್ಸೆಗೆ ಕಾಯುತ್ತಿದ್ದ ಗುಂಪಿನಲ್ಲಿ ಸುಧಾರಿಸಲಿಲ್ಲ. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ ಅನ್ನುವುದು ನಿಜ. ಆರನೇ ತಿಂಗಳಿಗೆ ಬಾಗಿಲು ಮುಚ್ಚುತ್ತದೆ ಅನ್ನುವುದು ನಿಜವಲ್ಲ. ಆದರೆ ಗಮನಿಸಿ, ವಾರಕ್ಕೆ ಹತ್ತು ಗಂಟೆ. ನಮ್ಮಲ್ಲಿ ತಿಂಗಳಿಗೆ ಎರಡು ಗಂಟೆ ಸಿಕ್ಕಿದರೆ ಪುಣ್ಯ. ಕಂಪ್ಯೂಟರ್ ಅಭ್ಯಾಸದಿಂದ ತುಂಬಿಸಬಹುದಾ ಅಂತ ಬ್ರಿಟನ್ನಿನಲ್ಲಿ 278 ಜನರಲ್ಲಿ ನೋಡಿದರು. ಅಭ್ಯಾಸ ಮಾಡಿದ ಪದಗಳು ಬಂದವು, ಮಾತುಕತೆ ಸುಧಾರಿಸಲಿಲ್ಲ. ನನಗಂತೂ ಇದು ಆಶ್ಚರ್ಯವಲ್ಲ. ಪದ ಪರದೆಗಲ್ಲ, ಮನುಷ್ಯರಿಗೆ ಹೇಳೋಕೆ.

ಕನ್ನಡದ ವಿಷಯವೂ ಇದೆ. ಇಂಗ್ಲಿಷಿನ ಪರೀಕ್ಷೆಯನ್ನು ಅನುವಾದಿಸಿಬಿಟ್ಟರೆ ಸಾಲದು. ನಮ್ಮಲ್ಲಿ "ಹೋಗ್ತೀನಿ" ಎಂಬ ಒಂದೇ ಪದದಲ್ಲಿ ಯಾರು, ಯಾವಾಗ ಎರಡೂ ಇದೆ, ತಡವರಿಸುವವರಿಗೆ ಮುರಿಯುವುದು ಆ ಬಾಲವೇ. "ಹೋಗು" ಅಂದುಬಿಡುತ್ತಾರೆ, ಮನೆಯವರು ತಮಗೇ ಹೋಗು ಅಂದರು ಅಂತ ಅಳುತ್ತಾರೆ! 1966ರಲ್ಲಿ ಶುರುವಾದ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಫೇಸಿಯಾ ಪರೀಕ್ಷೆಯನ್ನು ಕನ್ನಡಕ್ಕೆ ಹೊಂದಿಸಿದ್ದಾರೆ, ಕನ್ನಡದ್ದೇ ಚಿಕಿತ್ಸಾ ಕೈಪಿಡಿಯೂ ಇದೆ. ಒಮ್ಮೆಯಾದರೂ ಕರೆದುಕೊಂಡು ಹೋಗಿ. ಅಲ್ಲಿ ಕಿವಿಯನ್ನೂ ಪರೀಕ್ಷಿಸಿ. ಅರವತ್ತು ದಾಟಿದವರಲ್ಲಿ ಅರ್ಥವಾಗಲಿಲ್ಲ ಅಂತ ನಾವು ಬರೆದುಕೊಂಡದ್ದು ಎಷ್ಟೋ ಸಲ ಕೇಳಿಸದೇ ಇದ್ದದ್ದು.

ತೋಟದಮನೆ

ಮಗ್ಗಿ ಬಂತು. ನಾಲ್ಕರ ಮಗ್ಗಿ ಪೂರ್ತಿ. ನಾನು ಅಡುಗೆಮನೆಗೆ ಓಡಿಹೋದೆ, ಅವರೆದುರು ಅಳಬಾರದು ಅಂತ.

ಕೈಗೆ ಸ್ಪರ್ಶವೇ ಇಲ್ಲದ್ದಕ್ಕೆ ಯಾರಾದರೂ ಹೇಳಿ. ಚಲನೆಗಿಂತ ನನಗೆ ಅದರದ್ದೇ ಭಯ.

ಕಡಲತಡಿ

ಕನ್ನಡಿ ಚಿಕಿತ್ಸೆ ಕೇಳಿರಬಹುದು. ಕಳೆದುಕೊಂಡ ಕೈ ಇನ್ನೂ ನೋಯುತ್ತಿದೆ ಅನ್ನುವವರಿಗೆ ನರವಿಜ್ಞಾನಿ ವಿಳಯನೂರ್ ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿ ಪೆಟ್ಟಿಗೆ ಮಾಡಿದ್ದರು. ಒಳ್ಳೆ ಕೈಯ ಬಿಂಬವನ್ನೇ ಇಲ್ಲದ ಕೈ ಅಂತ ಮಿದುಳು ನಂಬುವ ಹಾಗೆ. 1999ರಲ್ಲಿ ಅದೇ ಉಪಾಯವನ್ನು ಒಂಬತ್ತು ಜನ ಪಾರ್ಶ್ವವಾಯು ರೋಗಿಗಳಲ್ಲಿ ನೋಡಿದರು. ಈಗ ಹತ್ತಾರು ಅಧ್ಯಯನಗಳಿವೆ, ಚಲನೆಗೆ ಸ್ವಲ್ಪ ಲಾಭ ಇದೆ ಅನ್ನುತ್ತವೆ.

ಫಿಜಿಯೋ_ಧಾರವಾಡ

ಸ್ಪರ್ಶಕ್ಕ ಅಂತನ ಬ್ಯಾರೆ ಅದ. ಆಸ್ಟ್ರೇಲಿಯಾದ ಲೀಯಾನ್ ಕೇರಿ ಅನ್ನಾವ್ರು 2011ರಾಗ 50 ಮಂದಿ ಮ್ಯಾಲೆ ತೋರಿಸಿದ್ರು. ಸುಮ್ನ ಕೈಗೆ ಬಟ್ಟಿ ತಿಕ್ಕೂದಲ್ಲ. ಕಣ್ಣು ಮುಚ್ಚಿ ಮುಟ್ಟಿಸಿ, ಇದೇನು ಅಂತ ಕೇಳಬೇಕು. ಹೇಳಿದ ಮ್ಯಾಲೆ ಕಣ್ಣು ಬಿಡಿಸಿ ತೋರಸಬೇಕು, ಛಲೋ ಕೈಲೆ ಮುಟ್ಟಿಸಿ ಹೋಲಸಬೇಕು, ಮತ್ತ ಕಣ್ಣು ಮುಚ್ಚಿ. ಮೊದಲ ಭಾಳ ಫರಕ್ ಇರೂವಂಥಾವು, ಆಮ್ಯಾಲೆ ಸಣ್ಣ ಫರಕ್.

ಅಮ್ಮ ಹೇಳಿದ್ರಲ್ಲ ಅಡಿಕಿ, ಅದನ್ನs ಹಿಡೀರಿ. ಅಪ್ಪಗ ಗೊರಬಲು, ಬೆಟ್ಟೆ ಅನ್ನೂ ಅಡಿಕಿ ನಮೂನಿ ಕೈಯಾಗs ಗೊತ್ತಿದ್ವು ಅಲ್ಲ? ಅದಕ್ಕಿಂತ ಛಲೋ ಪರೀಕ್ಷಾ ಸಾಮಾನು ಯಾವ ಪ್ರಯೋಗಾಲಯದಾಗ ಸಿಗತದ? ಒಂದು ಡಬ್ಬ್ಯಾಗ ಅಕ್ಕಿ, ಒಂದರಾಗ ರಾಗಿ ಇಟ್ಟು ಶುರು ಮಾಡ್ರಿ. ಹಂಡೆ, ಒಲಿ ಕಡೆ ಮಾತ್ರ ಬಿಡಬ್ಯಾಡ್ರಿ.

ಅಂಕಿಸಂಗ

ಮರೆತಿದ್ದೆ, ನಿಮ್ಮ ಚಿಕ್ಕಪ್ಪನ ಮಗ ಹೇಳಿದ ಸ್ಟೆಮ್ ಸೆಲ್. ಅದನ್ನೂ ಭಾರತದಲ್ಲೇ ಪರೀಕ್ಷಿಸಿದ್ದಾರೆ. ದೆಹಲಿ ಏಮ್ಸ್‌ನ ಕಾಮೇಶ್ವರ ಪ್ರಸಾದ್ ಅವರ ನೇತೃತ್ವ, 5 ಕೇಂದ್ರ, 120 ರೋಗಿಗಳು, 2014ರಲ್ಲಿ ಪ್ರಕಟ. ಅವರದೇ ಅಸ್ಥಿಮಜ್ಜೆಯ ಕೋಶ ತೆಗೆದು ರಕ್ತನಾಳಕ್ಕೆ ಕೊಟ್ಟರು. ಲಾಭ ಕಾಣಲಿಲ್ಲ. ಆ ಅಧ್ಯಯನದ ಸೊನ್ನೆಯನ್ನೂ ಅವರು ಫಾರ್ವರ್ಡ್ ಮಾಡಲಿ. ಪಾರ್ಶ್ವವಾಯುವಿಗೆ ನಮ್ಮಲ್ಲಿ ಚೀಟಿಗೊಂದರಂತೆ ಬರೆಯುವ ಸಿಟಿಕೋಲಿನ್ ಮಾತ್ರೆಯದ್ದೂ ಅದೇ ಹಣೆಬರಹ, 2012ರಲ್ಲಿ 2298 ಜನ, ಸೊನ್ನೆ. ಅಪ್ಪನ ಚೀಟಿಯಲ್ಲಿದ್ದರೆ ಡಾಕ್ಟರನ್ನು ಕೇಳಿ, ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ತೋಟದಮನೆ

(ಮೂರು ವಾರದ ನಂತರ) ಎಲ್ಲರಿಗೂ ಬಾಕಿ ಇದ್ದ ಉತ್ತರ. ತೋಟಕ್ಕೆ ಎರಡನೇ ಮದ್ದು ಹೊಡೆಸುವ ಗಡಿಬಿಡಿ, ಕರೆಂಟೂ ಇರಲಿಲ್ಲ.

ನಮ್ಮ ಫಿಜಿಯೋಗೆ ಕೇಳಿದೆ, ಅವರೂ ಒಪ್ಪಿದರು. ಅಪ್ಪನೇ ಕೈಚಾಚಿ ಅಡಿಕೆ ಹೆಕ್ಕಿ ಬುಟ್ಟಿಗೆ ಹಾಕುತ್ತಾರೆ, ಕೂತಾಗ ಮಾತ್ರ ಎಡಗೈಗೆ ಬಟ್ಟೆ. ಮೊದಲ ದಿನ 11. ನಿನ್ನೆ ಎರಡು ಹೊತ್ತು ಸೇರಿ 140, ನಡುವೆ ನಿದ್ದೆ. ಮೈಸೂರಿಗೆ ಹೋಗಿಬಂದೆವು, ಬಲಕಿವಿ ಮಂದ ಅಂತ ಗೊತ್ತಾಯಿತು. ಈಗ ಎಡಗಡೆ ಕೂತು ಮಾತಾಡುತ್ತೇವೆ. ಅರ್ಧ ಜಗಳ ಕಮ್ಮಿ.

ಕಣ್ಣಿಗೆ ಟವೆಲ್ ಕಟ್ಟಿ ಬೆಟ್ಟೆಯಾ ಗೊರಬಲಾ ಅಂತ ಕೇಳುತ್ತಿದ್ದೇವೆ, ಬೆರಳು ತೋರಿಸುತ್ತಾರೆ. ಹತ್ತರಲ್ಲಿ ಆರು ಸರಿ!

ಅಂಕಿಸಂಗ

ಖುಷಿಗೆ ತಣ್ಣೀರು ಹಾಕುವವನು ನಾನೇ ಆಗಬೇಕಲ್ಲ. ಎರಡರಲ್ಲಿ ಒಂದು ಆರಿಸುವುದಾದರೆ ಸುಮ್ಮನೆ ಊಹಿಸಿದರೂ ಹತ್ತಕ್ಕೆ ಐದು ಬರುತ್ತದೆ. ಐವತ್ತು ಸಲ ಕೇಳಿ ಎಣಿಸಿ.

ತೋಟದಮನೆ

ಐವತ್ತರಲ್ಲಿ 44.

ಅಂಕಿಸಂಗ

ಇದು ಊಹೆ ಅಲ್ಲವೇ ಅಲ್ಲ!!

ತೋಟದಮನೆ

ಅಲ್ಲ, ಊಹೆ ಅಲ್ಲ. ಟವೆಲ್ ಸಂದಿಯಿಂದ ನೋಡುತ್ತಿದ್ದರಂತೆ. ಅಮ್ಮ ಹಿಡಿದರು. ಹಿಡಿದಾಗ ಅಪ್ಪ ನಕ್ಕು "ಕಳ್ಳ" ಅಂದರು, ಸ್ಪಷ್ಟವಾಗಿ, ತಮಗೇ ತಾವು.

ಇವತ್ತು ಮೇಜಿನ ಕೆಳಗೆ ಕೈಯಿಡಿಸಿ ಮತ್ತೆ ಐವತ್ತು ಕೇಳಿದೆವು. 31.

ಅಂಕಿಸಂಗ

31... ಊಹೆಯೋ ಅಲ್ಲವೋ ಅನ್ನುವ ಗಡಿಯ ಮೇಲಿದೆ. ನಾಳೆಯೂ ಐವತ್ತು ಕೇಳಿ, ಮೇಜಿನ ಕೆಳಗೇ.